ಪಿಎಚ್‌ಪಿ ಬಾಲದ ಮಾನರಕ್ಷಣೆ

ಮಿತ್ರ ಮಹಾಶಯರೇ, ಇಂದು ಮಧ್ಯಾಹ್ನ ಇಂಡಿ ಪಟ್ಟಣದಲ್ಲಿ ನನ್ನ ಮಾನ ಉಳಿಯಿತು. ದಯವಿಟ್ಟು ಎದ್ದು ನಿಂತು ಓದಿರಿ.

ಲಿಂಬಿಕಾಯಿ ವ್ಯಾಪಾರಿ ಮಲ್ಲಪ್ಪ ಕಾಕಾನ ವೆಬ್‌ಸೈಟ್ ಮಾಡಿದವನು ನಾನೇ. ಇವತ್ತು ನಾನು ಕಾಕಾನ ಅಂಗಡಿಯಲ್ಲಿದ್ದಾಗಲೇ ಸಿಂದಗಿಯ ವೆಬ್‌ಸೈಟ್ ಪಂಡಿತ ರಾಜು ಬಂದು ಕುಂತು, "ಕಾಕಾ, ನಿಮ್ಮ ಪುಟದ ವಿಳಾಸದ ಕೊನಿಗೆ ಪಿಎಚ್‌ಪಿ ಅನ್ನೋ ಬಾಲ ಐತಿ. ನಾ ಮಾಡೋ ಪುಟದಂಗ ಎಚ್‌ಟಿಎಂಎಲ್ ಇರದಿದ್ರ ಸರ್ಚ್‌ನಾಗ ಮ್ಯಾಲೆ ಬರಂಗಿಲ್ರಿ" ಅಂದ.

ಕಾಕಾ ನನ್ನ ಕಡೆ ತಿರುಗಿದರು. "ಹಂಗಾರ ಕೆಲಸ ಇವಗ ಕೊಡ್ಲೇನಪಾ?"

ನಾನು ಕೈಮುಗಿದು, "ಪಂಡಿತರೇ, ತಾವೇ ಪರೀಕ್ಷೆ ಮಾಡ್ರಿ" ಎಂದು ಇಬ್ಬರನ್ನೂ ಎದುರಿನ ಸೈಬರ್ ಕೆಫೆಗೆ ಕರೆದೊಯ್ದೆ. ರಾಜು ತನ್ನ ಕೈಯಾರೆ 'ಇಂಡಿ ಲಿಂಬೆ' ಎಂದು ಹುಡುಕಿದ. ಎಲ್ಲಕ್ಕಿಂತ ಮೇಲೆ ನಮ್ಮ ಪುಟ! ಅವನು ಬೇರೊಬ್ಬ ಲಿಂಬೆ ವ್ಯಾಪಾರಿಗೆ ಮಾಡಿಕೊಟ್ಟ ಎಚ್‌ಟಿಎಂಎಲ್ ಪುಟ ಎಷ್ಟೋ ಕೆಳಗೆ. ಅದರಲ್ಲಿ ಮಾಲೀಕರ ಫೋಟೊ, 'ಸುಸ್ವಾಗತ' ಬಿಟ್ಟರೆ ಏನೂ ಇಲ್ಲ.

"ಬಾಲ ಯಾವುದಿದ್ರೂ ನಡೀತೈತಿ," ನಾನು ಗಂಭೀರವಾಗಿ ಘೋಷಿಸಿದೆ. "ಸರ್ಚ್ ನೋಡೋದು ಒಳಗಿನ ಮಾತು. ಲಿಂಬಿ ಹೆಂಗ ಆರಸಬೇಕು, ಹೆಂಗ ಇಡಬೇಕು ಅಂತ ಕಾಕಾ ಹೇಳಿದ್ದನ್ನೆಲ್ಲಾ ಬರ್ದೇನಿ."

ರಾಜು ಚಹಾ ಕುಡಿಯದೆ ಸಿಂದಗಿ ಬಸ್ ಹತ್ತಿದ. ಕಾಕಾ ಎದೆಯುಬ್ಬಿಸಿ ಅಂದರು: "ಅಂದ್ರ ಮ್ಯಾಲೆ ಬಂದಿದ್ದು ನನ್ನ ಮಾತಿಗೆ. ನೀ ಏನ್ ಮಾಡಿದಿ?"

ಹೆಮ್ಮೆಯಿಂದ ತಿಳಿಸುತ್ತೇನೆ: ಟೈಪ್ ಮಾಡಿದ್ದು ನಾನೇ.