ಚಪಾತಿ ಬಿಟ್ಟ ಗಂಡ

ನನ್ನ ಗಂಡ ಚಪಾತಿ ಬಿಟ್ಟರು.

ಸಿಗರೇಟು ಬಿಟ್ಟ ಗಂಡಂದಿರನ್ನು ನೋಡಿದ್ದೇನೆ. ಸಕ್ಕರೆ ಬಿಟ್ಟವರು, ಸೋಷಿಯಲ್ ಮೀಡಿಯಾ ಬಿಟ್ಟು ವಾರದೊಳಗೆ ವಾಪಸ್ ಬಂದವರು ನಮ್ಮ ಪರಿಚಯದಲ್ಲೇ ಬೇಕಾದಷ್ಟು ಜನ ಇದ್ದಾರೆ. ಆದರೆ ಯಾವ ಘೋಷಣೆಯೂ ಇಲ್ಲದೆ, ಸದ್ದಿಲ್ಲದೆ ಚಪಾತಿ ಬಿಟ್ಟ ಗಂಡಸನ್ನು ನೋಡಿದ್ದು ಇದೇ ಮೊದಲು.

ಮೊದಲು ಮೂರು ತಿನ್ನುತ್ತಿದ್ದವರು ಒಂದಕ್ಕೆ ಇಳಿದರು. ಆಮೇಲೆ ಆ ಒಂದರಲ್ಲೂ ಅಂಚು ಬಿಟ್ಟು ನಡುವಿನ ಮೆತ್ತನೆಯ ಭಾಗ ಮಾತ್ರ. ಕೊನೆಗೆ "ಇವತ್ತು ಅನ್ನ ಸಾರೇ ಸಾಕು ಕಣೆ" ಅನ್ನುವುದು ದಿನದ ಮಾತಾಯಿತು. ಅನ್ನವನ್ನೂ ಸಾರಿನಲ್ಲಿ ತೇಲಿಸಿಕೊಂಡು, ತುತ್ತಿಗೊಂದು ಗುಟುಕು ನೀರು.

ನಾನೇನು ಮಾಡಿದೆ ಹೇಳಿ? ಹಿಟ್ಟು ಬದಲಾಯಿಸಿದೆ.

(ನಗಬೇಡಿ. ನೀವೂ ಅದನ್ನೇ ಮಾಡುತ್ತಿದ್ದಿರಿ.) ಗಂಡ ಚಪಾತಿ ಬಿಟ್ಟರೆ ತಪ್ಪು ಚಪಾತಿಯದ್ದೇ ಅಲ್ಲವೇ? ಇಂಡಿಯನ್ ಗ್ರೋಸರಿಯಲ್ಲಿದ್ದ ಗೋಧಿ ಹಿಟ್ಟುಗಳನ್ನೆಲ್ಲ ಒಂದೊಂದಾಗಿ ಮನೆಗೆ ತಂದೆ. ಬಿಸಿನೀರಿನಲ್ಲಿ ಕಲೆಸಿದೆ, ಹಾಲಿನಲ್ಲಿ ಕಲೆಸಿದೆ, ಒಂದು ದಿನ ಮಾಗಿದ ಬಾಳೆಹಣ್ಣನ್ನೂ ಹಿಸುಕಿ ಹಾಕಿದೆ. ಆ ಚಪಾತಿ ಎಷ್ಟು ಮೆತ್ತಗಿತ್ತೆಂದರೆ ಕಾವಲಿಯಿಂದ ಎತ್ತುವಾಗಲೇ ಹರಿದುಹೋಯಿತು.

"ಚೆನ್ನಾಗಿದೆ" ಅಂದರು ನಮ್ಮವರು. ಅಂದವರೇ ತಟ್ಟೆಯ ಅಂಚಿಗೆ ಸರಿಸಿದರು.

ಹೈಸ್ಕೂಲಿನಲ್ಲಿರುವ ಮಗಳು ನಿಧಿ ಫೋನಿನಿಂದ ತಲೆಯೆತ್ತದೆ ತೀರ್ಪು ಕೊಟ್ಟಳು. "ಅಮ್ಮಾ, ಇಟ್ಸ್ ನಾಟ್ ದ ಚಪಾತಿ. ಅಪ್ಪ ಈಸ್ ಬೀಯಿಂಗ್ ವಿಯರ್ಡ್."

ಮನೆಯ ಚಿಕ್ಕವರು ಹೇಳಿದ್ದನ್ನು ನಾವು ಯಾವತ್ತು ಕೇಳಿದ್ದೇವೆ?

ಇಲ್ಲಿ ನಮ್ಮವರ ಬಗ್ಗೆ ನಾಲ್ಕು ಮಾತು ಹೇಳಬೇಕು. ಹೆಸರು ಗುರುಪ್ರಸಾದ್, ಗೆಳೆಯರಿಗೆ ಗುರು. ಊರು ಮೈಸೂರು, ಸಾಫ್ಟ್‌ವೇರ್ ಕೆಲಸ ಕಡಲಾಚೆಯ ಮೌಂಟನ್ ವ್ಯೂನಲ್ಲಿ. ಸಿಗರೇಟಿಲ್ಲ, ಕುಡಿತವಿಲ್ಲ. ಇರುವುದೊಂದೇ ಚಟ, ಕಾಫಿ. ಅದೂ ಎಂಥ ಕಾಫಿ? ಹಾಲು ಉಕ್ಕಿ ಬಂದ ಕ್ಷಣಕ್ಕೆ ಡಿಕಾಕ್ಷನ್ನಿಗೆ ಬೀಳಬೇಕು, ಬಿದ್ದ ಕ್ಷಣಕ್ಕೆ ಬಾಯಿಗೆ ಹೋಗಬೇಕು. ನಾಲಿಗೆ ಸುಡದಿದ್ದರೆ ಅದು ಅವರ ಪ್ರಕಾರ ಕಾಫಿಯಲ್ಲ, ಕಷಾಯ. ಆಫೀಸಿನ ಶಟಲ್ಲಿಗೆಂದು ಗೋಡೆ ದಪ್ಪವಿರುವ ಸ್ಟೀಲಿನ ಮಗ್ಗು ಬೇರೆ. "ಮಧ್ಯಾಹ್ನ ಕುಡಿದ್ರೂ ಬಾಯಿ ಸುಡತ್ತೆ ಗೊತ್ತಾ!" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು, ಮಗಳ ಮಾರ್ಕ್ಸು ತೋರಿಸುವಂತೆ.

"ದಟ್ಸ್ ನಾಟ್ ಕಾಫಿ ಅಪ್ಪಾ, ದಟ್ಸ್ ಲಾವಾ" ಅನ್ನುತ್ತಿದ್ದಳು ನಿಧಿ.

ಇನ್ನು ಎದೆಯುರಿ. ಅದು ನಮ್ಮವರಿಗೆ ಎಷ್ಟು ಹಳೆಯದೆಂದರೆ ಕಾಯಿಲೆ ಅನ್ನಿಸುವುದೇ ನಿಂತುಹೋಗಿತ್ತು. ಆಫೀಸು ಮುಗಿಸಿ, ಮೀಟಿಂಗು ಮುಗಿಸಿ, ತಡವಾಗಿ ಉಂಡು, ಉಂಡ ಕೂಡಲೇ ಅಡ್ಡಾಗುವುದು. ಕಾರಿನ ಕಪ್ ಹೋಲ್ಡರಿನಲ್ಲಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ, ದಿಂಬಿನ ಪಕ್ಕದಲ್ಲಿ ಬಣ್ಣಬಣ್ಣದ ಆ್ಯಸಿಡಿಟಿ ಮಾತ್ರೆಗಳು. ಮನೆಗೊಂದು ಅಡುಗೆ ತಂದು ಸೇರುವ ನಮ್ಮ ಪಾಟ್‌ಲಕ್ ಊಟಗಳಲ್ಲಂತೂ ಅವು ಸೋಂಪಿನ ಹಾಗೆ ಕೈಯಿಂದ ಕೈಗೆ ಹೋಗುತ್ತವೆ. "ನಿನಗೊಂದು?" "ಕೊಡು, ಆರೆಂಜ್ ಇದೆಯಾ?"

ಗುಟ್ಟು ಬಯಲಾದದ್ದೂ ಅಂಥದ್ದೇ ಒಂದು ಪಾಟ್‌ಲಕ್ಕಿನಲ್ಲಿ.

ಸರಟೋಗಾದಲ್ಲಿ ಗೆಳತಿ ನಸೀಮಾಳ ಮನೆ. ಹಿತ್ತಲಿನ ನಿಂಬೆ ಗಿಡದ ಪಕ್ಕ ಭಾನುವಾರದ ಮಧ್ಯಾಹ್ನದ ಊಟ. ನಸೀಮಾ ಮೈಸೂರಿನವಳು, ಹೊಟ್ಟೆ-ಕರುಳಿನ ಡಾಕ್ಟರು. (ಹಾಗಾಗಿ ಅವಳ ಮನೆಗೆ ಹೋದವರೆಲ್ಲ ಬಿರಿಯಾನಿಯ ಜೊತೆ ಒಂದು ಪುಕ್ಕಟೆ ಸಲಹೆಯನ್ನೂ ಕಟ್ಟಿಸಿಕೊಂಡು ಬರುತ್ತಾರೆ.) ನನ್ನ ಪಾಲಿಗೆ ಬಂದದ್ದು ಚಪಾತಿ. ಅಂಜುತ್ತಲೇ ಡಬ್ಬಿ ತೆರೆದೆ.

ಲಿವರ್‌ಮೋರಿನಿಂದ ಬಂದಿದ್ದ ಧಾರವಾಡದ ಮಲ್ಲೇಶಪ್ಪನವರು ಮೊದಲ ತುತ್ತಿಗೇ ಕೂಗಿದರು. "ಏನ್ ಚಪಾತಿ ರೀ ಅಕ್ಕಾರ! ಅರಳಿ ಆಗ್ಯಾವ ನೋಡ್ರಿ. ಹಲ್ಲಿಗೆ ಕೆಲಸಾನ ಇಲ್ಲ!" ಹತ್ತಿಯ ಹಾಗೆ ಮೆತ್ತಗಿದೆ ಅನ್ನುವುದನ್ನು ಅವರು ಹೇಳುವ ರೀತಿ ಅದು.

ಅಂದರೆ ನನ್ನ ಚಪಾತಿ ನಿರಪರಾಧಿ!

ಹಿಗ್ಗಿನಿಂದ ನಮ್ಮವರ ಕಡೆ ತಿರುಗಿದೆ. ಅವರು ನಾಲ್ಕು ಜನರ ಎದುರು ಬೇಡ ಅನ್ನಲಾಗದೆ ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರು. ಈಗ ಕದಲದೆ ನಿಂತಿದ್ದರು. ಕೈ ಎದೆಯ ನಡುವೆ. ಕಣ್ಣಲ್ಲಿ ನೀರು. ಗುಟುಕು ಗುಟುಕಾಗಿ ನೀರು ಕುಡಿದರು, ಕಾದರು, ಮತ್ತೆ ಕುಡಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ನಿಂಬೆ ಗಿಡ ನೋಡತೊಡಗಿದರು.

ಅದನ್ನು ನೋಡಿದ್ದು ನಾನೊಬ್ಬಳೇ ಅಲ್ಲ.

"ಗುರು, ಎಷ್ಟು ದಿನದಿಂದ?" ನಸೀಮಾ ಕೇಳಿದಳು.

"ಏನು?"

"ನಾಟಕ ಬೇಡ. ಊಟ ಸಿಕ್ಕಿಕೊಳ್ಳೋದು."

"ಏ, ಏನಿಲ್ಲಪ್ಪ. ಸ್ವಲ್ಪ ಗ್ಯಾಸು."

ಗ್ಯಾಸು! ನಮ್ಮ ಗಂಡಸರ ರಾಷ್ಟ್ರೀಯ ಕಾಯಿಲೆ. ಎದೆ ನೋವಿಗೂ ಅದೇ, ಬೆನ್ನು ನೋವಿಗೂ ಅದೇ, ಆಫೀಸಿನಲ್ಲಿ ಮೇಲಿನವನು ಬೈದರೂ ಅದೇ.

"ಮೊದಲು ಚಪಾತಿ, ಆಮೇಲೆ ಅನ್ನ, ಆಮೇಲೆ ಗಂಜಿ, ಹಾಗೆ ಇಳ್ಕೊಂಡು ಬರೋದು ಗ್ಯಾಸಲ್ಲ" ಅಂದಳು ನಸೀಮಾ, ನಗದೆ. "ಅನ್ನನಾಳದ ಒಳಗೆ ಏನಿದೆ ಅಂತ ಕ್ಯಾಮೆರಾ ಬಿಟ್ಟು ನೋಡ್ಬೇಕು. ಕ್ಯಾನ್ಸರ್ರೂ ಹೀಗೇ ಶುರುವಾಗೋದು. ಅಲ್ಲ ಅಂತ ಗೊತ್ತಾಗಕ್ಕಾದ್ರೂ ನೋಡ್ಬೇಕು."

ನಮ್ಮವರು ಕೊನೆಯ ಅಸ್ತ್ರ ಬಿಟ್ಟರು. "ಸಿಗರೇಟಿಲ್ಲ, ಡ್ರಿಂಕ್ಸಿಲ್ಲ. ನನಗ್ಯಾಕೆ ಬರತ್ತೆ?"

"ಅವೆರಡೂ ದೊಡ್ಡ ಕಾರಣಗಳೇ. ಎರಡೂ ಜೊತೆಗಿದ್ರೆ ಇನ್ನೂ ಕೆಟ್ಟದ್ದು. ಅಷ್ಟಕ್ಕೇ ಮುಗೀಲಿಲ್ಲ. ವರ್ಷಗಟ್ಟಲೆ ಎದೆಯುರಿ, ಹೊಟ್ಟೆ ಸುತ್ತ ಈ ಟೈರು, ಸುಡುಸುಡೋ ಕಾಫಿ. ಮೂರೂ ಇಟ್ಕೊಂಡು ಸನ್ಯಾಸಿ ಥರ ಮಾತಾಡ್ತೀಯಲ್ಲ! ಮತ್ತೆ ಎಲೆ ಅಡಿಕೆ, ತಂಬಾಕು..."

ಜೇಬಿನಿಂದ ಅಡಿಕೆ ಪುಡಿಯ ಪುಟ್ಟ ಡಬ್ಬಿ ತೆಗೆಯುತ್ತಿದ್ದ ಮಲ್ಲೇಶಪ್ಪನವರ ಕೈ ಅರ್ಧದಲ್ಲೇ ನಿಂತಿತು.

"ನಂದ್ರಾಗ ತಂಬಾಕು ಇಲ್ರೀ ಡಾಕ್ಟ್ರ. ಬರೇ ಅಡಿಕಿ. ಜೀರ್ಣಕ್ಕ ಔಷಧ ಅಲ್ರೀ ಅದು?"

"ಔಷಧ ಆಗಿದ್ರೆ ನಾನೇ ಬರ್ಕೊಡ್ತಿದ್ದೆ. ಬರೀ ಅಡಿಕೆನೂ ಬೇಡ."

"ವೈನ್ ನಡೀತದಲ್ರೀ? ದ್ರಾಕ್ಷಿ ಹಣ್ಣಿಂದು." ಅವರಿರುವ ಲಿವರ್‌ಮೋರಿನಲ್ಲಿ ದೊಡ್ಡ ದೇವಸ್ಥಾನ, ಸುತ್ತಮುತ್ತ ದ್ರಾಕ್ಷಿ ತೋಟಗಳು. ಊರಿಂದ ಬಂದ ನೆಂಟರಿಗೆಲ್ಲ ಬೆಳಗ್ಗೆ ಅದು, ಸಂಜೆ ಇದು ತೋರಿಸುವುದು ಅವರ ಪದ್ಧತಿ.

"ಹಣ್ಣನ್ನ ಹಣ್ಣಾಗೇ ತಿನ್ನಿ ಮಲ್ಲೇಶಪ್ಪ. ಅದು ಒಳ್ಳೇದು."

"ಹಂಗಾರ ಬದುಕೂದರ ಯಾಕ್ರೀ?" ಅಂದರು ಮಲ್ಲೇಶಪ್ಪ. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು, ಆದರೆ ಕೈ ಎದೆಯ ಮೇಲೇ ಇತ್ತು.

ವಾಪಸ್ ಬರುವಾಗ, ಫ್ರೀವೇ ಹತ್ತಿದ ಮೇಲೆ ಕೇಳಿದೆ.

"ನನಗ್ಯಾಕೆ ಹೇಳಲಿಲ್ಲ ರೀ?"

"ಟೀಮಲ್ಲಿ ಅರ್ಧ ಜನಾನ ಕೆಲಸದಿಂದ ತೆಗೆದು ಮನೆಗೆ ಕಳಿಸಿದಾರೆ ಕಣೆ. ಈಗ ನಾನು ಆಸ್ಪತ್ರೆ, ರಜ ಅಂತ ಓಡಾಡಿದ್ರೆ..." ಅಲ್ಲಿಗೆ ನಿಲ್ಲಿಸಿದರು. "ಅಲ್ಲದೆ, ನೋಡಿದ್ರೆ ತಾನೆ ಗೊತ್ತಾಗೋದು?"

ನೋಡದಿದ್ದರೆ ಇರುವುದಿಲ್ಲವೇ? ದಿನವಿಡೀ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವ ಮನುಷ್ಯ ಹೇಳುವ ಮಾತೇ ಇದು? ನನಗೆ ಸಿಟ್ಟೂ ಬಂತು, ಅಳುವೂ ಬಂತು. ನೌಕರಿ ಹೋದರೆ ಇನ್ಶೂರೆನ್ಸ್ ಹೋಗುತ್ತದೆ ಎಂಬ ಭಯಕ್ಕೆ, ಇದ್ದ ಇನ್ಶೂರೆನ್ಸನ್ನೂ ಬಳಸದೆ ಕೂರುವವರು ನಮ್ಮಲ್ಲಿ ಅವರೊಬ್ಬರೇ ಅಲ್ಲ.

ಅಂತೂ ಒಪ್ಪಿಸಿ ಗೊತ್ತುಮಾಡಿದ ಕ್ಯಾಮೆರಾ ಪರೀಕ್ಷೆಯ ದಿನ ಬರುವವರೆಗೆ ಆ ಒಂದು ಪದವನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಕೋಣೆಯ ನಡುವೆ ಯಾರೋ ದೊಡ್ಡ ಸೋಫಾ ತಂದಿಟ್ಟು ಹೋದಂತೆ, ಮೂವರೂ ಅದನ್ನು ಬಳಸಿಕೊಂಡು ಓಡಾಡಿದೆವು. ನಾನು ಲಟ್ಟಣಿಗೆಯನ್ನು ಡ್ರಾಯರಿನೊಳಗಿಟ್ಟೆ. ಅದು ಕಣ್ಣಿಗೆ ಬೀಳುವುದೇ ಬೇಡವಾಗಿತ್ತು. ರಾಗಿ ಗಂಜಿ ಮಾಡಿದೆ, ಅದನ್ನಾದರೂ ಸರಾಗವಾಗಿ ನುಂಗುತ್ತಾರಾ ಎಂದು ಒಲೆಯ ಮುಂದಿನಿಂದಲೇ ಕಿವಿ ಕೊಟ್ಟೆ.

ಪರೀಕ್ಷೆ ಮುಗಿಸಿ, ಅರೆ ಮಂಪರಿನ ಗಂಡನನ್ನು ಕಾರಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಅವರು ಆಡಿದ ಮೊದಲ ಮಾತು, "ಕಾಫಿ ಇದೆಯಾ?"

ಕೆಲವು ದಿನದ ನಂತರ, ಪರೀಕ್ಷೆಗೆಂದು ಅನ್ನನಾಳದಿಂದ ತೆಗೆದಿದ್ದ ತುಣುಕಿನ ರಿಪೋರ್ಟೂ ಬಂತು. ಕ್ಯಾನ್ಸರ್ ಅಲ್ಲ! ವರ್ಷಗಟ್ಟಲೆ ಮೇಲಕ್ಕುಕ್ಕಿದ ಆಮ್ಲ ಅನ್ನನಾಳವನ್ನು ಹುಣ್ಣು ಮಾಡಿ, ಒಂದು ಕಡೆ ಕಿರಿದು ಮಾಡಿತ್ತು. ಅದನ್ನು ಪರೀಕ್ಷೆಯ ಹೊತ್ತಿನಲ್ಲೇ ಹಿಗ್ಗಿಸಿದ್ದರು. ಔಷಧ, ಪಥ್ಯ, ಮತ್ತೊಮ್ಮೆ ಕ್ಯಾಮೆರಾ ಬಿಟ್ಟು ನೋಡುವುದು ಬಾಕಿ.

ಫೋನಿನಲ್ಲಿ ನಸೀಮಾ ಅಂದಳು, "ನಿನ್ನ ಗಂಡನಿಗೆ ಅದೃಷ್ಟ ಚೆನ್ನಾಗಿದೆ ಕಣೆ. ಬುದ್ಧಿ ಇನ್ನು ಬರಬೇಕು."

ಬುದ್ಧಿ ಬರಿಸುವ ಕೆಲಸ ನನ್ನದಾಯಿತು. ರಾತ್ರಿಯ ಊಟ ಸಂಜೆಯ ಬೆಳಕಿಗೆ ಸರಿಯಿತು. ಉಂಡ ಮೇಲೆ ಅಪಾರ್ಟ್‌ಮೆಂಟಿನ ಸುತ್ತ ನಡಿಗೆ. ಹೊಟ್ಟೆಯ ಟೈರಿನಿಂದ ಗಾಳಿ ನಿಧಾನಕ್ಕೆ ಇಳಿಯುತ್ತಿದೆ. ಆದರೆ ಕಾಫಿ?

ಆಗ ನೆನಪಾದದ್ದು ದಬರ.

ಬಾಗಿಲ ಪಕ್ಕದ ಮೇಜಿನ ಮೇಲೆ ಅದರಲ್ಲಿ ಕಾರಿನ ಕೀಲಿಗಳಿದ್ದವು. ಸೂಟ್‌ಕೇಸಿನಲ್ಲಿ ಲೋಟದ ಜೊತೆಗೇ ಮೈಸೂರಿನಿಂದ ತಂದಿದ್ದೆ. ಲೋಟಕ್ಕೆ ಕೆಲಸ ಸಿಕ್ಕಿತು, ದಬರ ಕೀಲಿ ಕಾಯುತ್ತ ಕೂತಿತು. ಲೋಟದಿಂದ ದಬರಕ್ಕೆ, ದಬರದಿಂದ ಲೋಟಕ್ಕೆ ಎತ್ತಿ ಎತ್ತಿ ಸುರಿಯುತ್ತಿದ್ದದ್ದು ಬರೀ ನೊರೆಗೆಂದು, ಸ್ಟೈಲಿಗೆಂದು ಅಂದುಕೊಂಡಿದ್ದೆವಲ್ಲ! ಕಾಫಿ ಆರಿಸಲಿಕ್ಕೆಂದೇ ಇದ್ದ ಪಾತ್ರೆಯನ್ನು ಬಿಟ್ಟು, ಆರದಂತೆ ಕಾಯುವ ಮಗ್ಗಿಗೆ ಕೈಚಾಚಿದವರು ನಾವು.

ಈಗ ಬೆಳಗ್ಗೆ ನಮ್ಮವರು ಸುರಿಯುತ್ತಾರೆ, ಮತ್ತೆ ಸುರಿಯುತ್ತಾರೆ, ಕಾಯುತ್ತಾರೆ. ನಿಧಿ ಬೆರಳು ಮುಟ್ಟಿಸಿ ನೋಡಿ ಅನುಮತಿ ಕೊಡುತ್ತಾಳೆ. "ಕಂಗ್ರಾಟ್ಸ್ ಅಪ್ಪಾ. ಇಟ್ಸ್ ಫೈನಲಿ ಅ ಬೆವರೇಜ್."

ಮಲ್ಲೇಶಪ್ಪನವರ ಡಬ್ಬಿಯಲ್ಲೀಗ ಸೋಂಪು. "ಮಜಾನ ಇಲ್ರೀ ಅಕ್ಕಾರ" ಎಂದು ಮುಖ ಸಿಂಡರಿಸಿಕೊಂಡೇ ಅಗಿಯುತ್ತಾರೆ. ವೈನಿನ ವಿಷಯದಲ್ಲಿ ನಸೀಮಾಳ ಜೊತೆ ಮಾತುಕತೆ ಮುಂದುವರಿದಿದೆ.

ಮೊನ್ನೆ ಲಟ್ಟಣಿಗೆ ಡ್ರಾಯರಿನಿಂದ ಹೊರಬಂತು. ಹಳೆಯ ಹಿಟ್ಟು, ಹಳೆಯ ಕಾವಲಿ, ಹಾಲೂ ಇಲ್ಲ, ಬಾಳೆಹಣ್ಣೂ ಇಲ್ಲ. ನಮ್ಮವರು ಮುರಿದರು, ನಿಧಾನವಾಗಿ ಅಗಿದರು, ನುಂಗಿದರು. ನಾನು ತಟ್ಟೆಯನ್ನಲ್ಲ, ಅವರ ಗಂಟಲನ್ನು ನೋಡುತ್ತಿದ್ದೆ. ನೀರಿನ ಲೋಟ ಮುಟ್ಟಲಿಲ್ಲ. ಅಂಚನ್ನೂ ತಿಂದರು. ಇನ್ನೊಂದಕ್ಕೆ ಕೈಚಾಚಿ ಅಂದರು, "ಸ್ವಲ್ಪ ಗಟ್ಟಿಯಾಗಿದೆ ಅಲ್ವೇನೆ?"

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಚಪಾತಿಗೆ ಅದಕ್ಕಿಂತ ಒಳ್ಳೆಯ ಹೊಗಳಿಕೆ ಸಿಕ್ಕಿಲ್ಲ.

ಅದಿರಲಿ, ನಿಮ್ಮ ಮನೆಯ ತಟ್ಟೆಗಳ ಅಂಚಿಗೆ ಈಚೆಗೆ ಏನು ಸರಿಯುತ್ತಿದೆ, ನೋಡಿದ್ದೀರಾ?