ಛತ್ರದಲ್ಲಿ ಅರ್ಥಶಾಸ್ತ್ರ

ದೇವನಹಳ್ಳಿಯ ನಮ್ಮ ಕಾಲೇಜಿನ ಚಾವಣಿಯ ಒಂದು ದೊಡ್ಡ ಚಕ್ಕೆ ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಮೇಲೇ ಬಿತ್ತು. ನಾನಾಗ ಕುರ್ಚಿಯಲ್ಲಿರಲಿಲ್ಲ, ಗೇಟಿನ ಹೊರಗೆ ಬೋಂಡಾ ತಿನ್ನುತ್ತಿದ್ದೆ. ಆದರೂ ಆಮೇಲೆ ಯಾರಿಗೆ ಹೇಳುವಾಗಲೂ "ಆಗ ತಾನೇ ಎದ್ದು ಹೋಗಿದ್ದೆ ಕಣ್ರೀ" ಎಂದೇ ಹೇಳಿದ್ದೇನೆ. ಸಾವಿನ ಬಾಯಿಂದ ಪಾರಾದವಳಿಗೆ ಸಿಗುವ ಮರ್ಯಾದೆ ಬೋಂಡಾ ತಿಂದವಳಿಗೆ ಸಿಗುವುದಿಲ್ಲ. ಮಾರನೆಯ ದಿನ ಎಂಜಿನಿಯರುಗಳು ಬಂದು ಗೋಡೆಗಳನ್ನೆಲ್ಲ ತಟ್ಟಿ ನೋಡಿ ಇಡೀ ಕಟ್ಟಡಕ್ಕೆ ಬೀಗ ಹಾಕಿಸಿದರು. ಕೊನೆಯ ಸೆಮಿಸ್ಟರಿನವರಿಗೆ ಪರೀಕ್ಷೆ ಹತ್ತಿರದಲ್ಲೇ ಇತ್ತು, ಪಾಠ ಅರ್ಧವೂ ಆಗಿರಲಿಲ್ಲ.

ಪ್ರಿನ್ಸಿಪಾಲರು "ಆನ್‌ಲೈನ್ ಮಾಡ್ಕೊಳ್ಳಿ" ಎಂದು ಕೈತೊಳೆದುಕೊಂಡರು. ನಾನೂ ಮಾಡಿದೆ. ದೊಡ್ಡಬಳ್ಳಾಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಫೋನ್ ಮಲಗಿಸಿಟ್ಟು ಒಂದು ವಾರ ಗಂಟಲು ಹರಿಯುವಂತೆ ಪಾಠ ಹೇಳಿದೆ. ವಾರದ ಕೊನೆಗೆ ಒಬ್ಬ ಹುಡುಗ ವಿನಯದಿಂದ ಕೇಳಿದ, "ಮೇಡಂ, ನಿಮ್ ಫ್ಯಾನಿನ ಒಂದು ರೆಕ್ಕೇಲಿ ಜೇಡರ ಬಲೆ ಐತೆ, ನೋಡಿದ್ರಾ?" ಅಷ್ಟೂ ದಿನ ಮಕ್ಕಳು ನನ್ನ ಮುಖವನ್ನಲ್ಲ, ನಮ್ಮ ಮನೆಯ ಸೂರನ್ನು ನೋಡುತ್ತಾ ಕೂತಿದ್ದರು. ಅದೂ ಹತ್ತಾರು ಮಂದಿ. ಉಳಿದವರ ಫೋನು ಅಣ್ಣನ ಜೇಬಿನಲ್ಲೋ ಅಪ್ಪನ ಜೇಬಿನಲ್ಲೋ ಕೆಲಸಕ್ಕೆ ಹೋಗಿರುತ್ತಿತ್ತು.

ನನಗೆ ರೇಗಿಹೋಯಿತು. ಪ್ರಿನ್ಸಿಪಾಲರ ಮನೆಯಲ್ಲಿ ಕರೆದ ಮೀಟಿಂಗಿನಲ್ಲಿ ಎದ್ದು ನಿಂತು, "ಯಾರು ನಿಲ್ಲಿಸಿದರೂ ನನ್ನ ಕ್ಲಾಸು ಒಂದು ದಿನವೂ ನಿಲ್ಲುವುದಿಲ್ಲ" ಎಂದು ಘೋಷಿಸಿಬಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ. ಎಲ್ಲರೂ ಕಾಫಿ ಲೋಟ ಹಿಡಿದುಕೊಂಡೇ ಚಪ್ಪಾಳೆ ತಟ್ಟಿದ ಹಾಗೆ ಮಾಡಿದರು. ಮಾತು ಆಡಿದ ಮೇಲೆ ಜಾಗ ಹುಡುಕಬೇಕಲ್ಲ! ದೇವನಹಳ್ಳಿಯಲ್ಲಿ ಒಂದು ಕೋಣೆ ಖಾಲಿಯಿದ್ದರೆ ಸಂಜೆಯೊಳಗೆ ಅದು ಸೈಟು ಮಾರುವವರ ಆಫೀಸಾಗಿರುತ್ತದೆ. ಅಲೆದು ಅಲೆದು ಕೊನೆಗೆ ಒಂದು ಮದುವೆ ಛತ್ರದ ಮುಂದೆ ನಿಂತೆ. ಅದರ ಮ್ಯಾನೇಜರು ಹಲ್ಲು ಕಡ್ಡಿ ಅಗಿಯುತ್ತಾ, "ಆಷಾಢ ಅಲ್ವಾ ಮೇಡಂ, ಮದ್ವೆ ಗಿದ್ವೆ ಏನೂ ಇಲ್ಲ. ನಡೆಸ್ಕೊಳಿ, ನಮ್ಗೂ ಪುಣ್ಯ ಬರ್ಲಿ" ಎಂದ.

ಹೀಗೆ ನಾನು ಧಾರೆ ಎರೆಯುವ ವೇದಿಕೆಯ ಮೇಲೆ ನಿಂತು ಅರ್ಥಶಾಸ್ತ್ರ ಹೇಳತೊಡಗಿದೆ. ಹಿಂದೆ ಥರ್ಮೋಕೋಲಿನ ನವಿಲುಗಳು, ಪಕ್ಕದಲ್ಲಿ ಗಂಡು ಹೆಣ್ಣಿನ ಕೆಂಪು ಮಖಮಲ್ಲಿನ ಜೋಡಿ ಕುರ್ಚಿ. ಮಂಡಿ ನೋವು ಬಂದಾಗ ನಾನು ಹೆಣ್ಣಿನ ಕುರ್ಚಿಯಲ್ಲೇ ಕೂತು ಪಾಠ ಮಾಡುತ್ತಿದ್ದೆ. ಈ ವಯಸ್ಸಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದೆ ಎಂದು ನನ್ನ ಭಾವನೆ. ಕೆಳಗೆ ಮಕ್ಕಳು ಮೊದಮೊದಲು ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಎರಡು ಭಾಗವಾಗಿ ಕೂತು ಕಿಸಕ್ಕೆಂದು ನಕ್ಕರು. ಆಮೇಲೆ ಒಗ್ಗಿಹೋದರು.

ಆ ಹೊತ್ತಿಗೇ ಒಂದು ಫೋನು ಶುರುವಾಯಿತು. ಆವತಿ ಕಡೆಯಿಂದ ಬರುವ ಒಬ್ಬಳು ಹುಡುಗಿಯ ಅಪ್ಪ, ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವವರು. ದಿನಾ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಕರೆ. "ಮೇಡಂ, ಇವತ್ತು ಕ್ಲಾಸ್ ಐತಾ?" "ಇದೆ." "ವಸಿ ಜೋರಾಗಿ ಹೇಳಿ ಮೇಡಂ." "ಇದೆ ರೀ!" ಅಷ್ಟೇ ಮಾತು. ನಾನು ಉಬ್ಬಿಹೋದೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ: ನೋಡಿ, ವಿದ್ಯೆಯ ಬೆಲೆ ಗೊತ್ತಿರುವ ತಂದೆ ಅಂದರೆ ಇವರು, ನನ್ನ ಪಾಠದ ಮಹಿಮೆ ಕ್ಯಾಬಿನವರೆಗೂ ಹೋಗಿದೆ. ಸಹೋದ್ಯೋಗಿಗಳು ನನ್ನನ್ನು ಕಂಡರೆ ದಾರಿ ಬದಲಿಸುವಷ್ಟು ಹೇಳಿದೆ.

ಒಂದು ದಿನ ಪಾಠ ಮುಗಿಯುವ ಹೊತ್ತಿಗೆ ಮ್ಯಾನೇಜರು ಬಂದು, "ನಾಳೆ ಬ್ಯಾಡ ಮೇಡಂ, ಒಂದು ತಿಥಿ ಊಟ ಬಂದ್ಬಿಟ್ಟೈತೆ" ಎಂದ. ಆಷಾಢದಲ್ಲಿ ಛತ್ರ ಖಾಲಿ ಎಂದು ಲೆಕ್ಕ ಹಾಕಿದ್ದ ಅರ್ಥಶಾಸ್ತ್ರಜ್ಞೆ ನಾನು. "ಆಷಾಢದಲ್ಲಿ ಎಂಥದ್ರೀ?" ಎಂದು ದಬಾಯಿಸಿದೆ. "ಮದ್ವೆಗೆ ಮುಹೂರ್ತ ನೋಡ್ತಾರೆ ಮೇಡಂ, ಸಾಯೋಕೆ ಯಾರ್ ನೋಡ್ತಾರೆ?" ಎಂದ. ನಾನು ಇಂಗು ತಿಂದ ಮಂಗನ ಹಾಗಾದೆ. ನಾಳೆ ರಜೆ ಎಂದೆ. ಮಕ್ಕಳು ಹೋ ಎಂದು ಎದ್ದರು.

ಆ ಹುಡುಗಿ ಮಾತ್ರ ಏಳಲಿಲ್ಲ. ಎಲ್ಲರೂ ಹೋದ ಮೇಲೆ ವೇದಿಕೆಯ ಬಳಿ ಬಂದು, "ಮೇಡಂ, ರಜ ಅನ್ಬೇಡಿ. ಅಪ್ಪ ಫೋನ್ ಮಾಡಿದ್ರೆ ಕ್ಲಾಸ್ ಐತೆ ಅನ್ನಿ" ಎಂದಳು.

"ಯಾಕಮ್ಮಾ?"

"ನಮ್ ದೊಡ್ಡಪ್ಪ ಒಂದು ಗಂಡು ನೋಡವ್ರೆ. ಕಾಲೇಜು ನಡೀತಿದ್ರೆ ಪರೀಕ್ಷೆ ಆಗ್ಲಿ, ಮುಚ್ಚಿದ್ರೆ ಮನೇಲಿ ಕೂತು ಏನ್ ಮಾಡ್ತಾಳೆ, ಶ್ರಾವಣದಲ್ಲೇ ಮುಗಿಸೋಣ ಅಂತವ್ರೆ. ಅಪ್ಪಂಗೂ ಅದೇ ಬೇಕು. ನೀವು ಒಂದಿನ ಇಲ್ಲ ಅನ್ಲಿ ಅಂತ್ಲೇ ದಿನಾ ಫೋನ್ ಮಾಡೋದು."

ನಾನು ಹೆಣ್ಣಿನ ಕುರ್ಚಿಯಲ್ಲಿ ಧೊಪ್ಪೆಂದು ಕೂತೆ. ಅವಳ ಪಾಡಿಗೋ ನನ್ನ ಮುರಿದ ಜಂಬಕ್ಕೋ ಈಗಲೂ ಸರಿಯಾಗಿ ಹೇಳಲಾರೆ. ಅಯ್ಯೋ, ಆ ಮನುಷ್ಯನನ್ನು ನಾನು ಊರೆಲ್ಲ ಹೊಗಳಿಕೊಂಡು ತಿರುಗಿದ್ದೆನಲ್ಲ! ರಾತ್ರಿ ಫೋನುಗಳೆಲ್ಲ ಮನೆಗೆ ಬರುವ ಹೊತ್ತಿಗೆ ಮಕ್ಕಳಿಗೆ ರಜೆ ರದ್ದು ಎಂದು ತಿಳಿಸಿದೆ. ಮಾರನೆಯ ಬೆಳಿಗ್ಗೆ ಫೋನ್ ಬಂದಾಗ "ಇದೆ, ಇದೆ, ಇದೆ!" ಎಂದು ಕೂಗಿ ಪಟ್ಟನೆ ಇಟ್ಟೆ. ಅವತ್ತಿನ ಪಾಠ ಛತ್ರದ ಹಿತ್ತಲಿನಲ್ಲಿ, ಕುಂಬಳಕಾಯಿ ಹೆಚ್ಚುವವರ ಪಕ್ಕದಲ್ಲಿ ನಡೆಯಿತು. ಕೊನೆಗೆ ಸತ್ತವರ ಮಗ ಬಂದು ಕೈ ಮುಗಿದು ಎಲ್ಲರನ್ನೂ ಪಂಕ್ತಿಗೆ ಕೂರಿಸಿದ. ವಡೆ ಚೆನ್ನಾಗಿತ್ತು.

ಅಂದಿನಿಂದ ನನಗೆ ಕೊಂಬು ಬಂತು. ಒಂದು ಹೆಣ್ಣುಮಗಳ ಬಾಳು ನನ್ನ ಗಂಟಲಿನ ಮೇಲೆ ನಿಂತಿದೆ ಎಂದು ಬಸ್ಸಿನಲ್ಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ. ಶ್ರಾವಣ ಹುಟ್ಟಿತು, ಮದುವೆಗಳು ಸಾಲುಗಟ್ಟಿದವು. ಛತ್ರದ ಊಟದ ಹಾಲಿನಲ್ಲಿ, ಪಾತ್ರೆ ಕೋಣೆಯಲ್ಲಿ, ಜನರೇಟರಿನ ಶೆಡ್ಡಿನ ನೆರಳಿನಲ್ಲಿ ಪಾಠ ಮಾಡಿದೆ. ಒಮ್ಮೆ ಯಾರೋ ನನ್ನನ್ನು ಗಂಡಿನ ಸೋದರತ್ತೆ ಎಂದುಕೊಂಡು ಫೋಟೋಗೆ ಎಳೆದರು. ಹೋಗಿ ನಿಂತು ಬಂದೆ, ಬೇಡ ಅನ್ನಲು ಹೊತ್ತಿರಲಿಲ್ಲ.

ಒಂದು ದೊಡ್ಡ ಮದುವೆಯ ದಿನ ಎಲ್ಲಿಯೂ ನಿಲ್ಲಲು ಜಾಗವಿರಲಿಲ್ಲ. ದಿಬ್ಬಣದ ಬಸ್ಸೊಂದು ಮೈದಾನದಲ್ಲಿ ಖಾಲಿ ನಿಂತಿತ್ತು. ಡ್ರೈವರನ್ನು ಕಾಡಿ ಬೇಡಿ ಮಕ್ಕಳನ್ನು ಅದರೊಳಗೆ ತುಂಬಿದೆ. ಅವತ್ತಿನ ಪಾಠ ಮರೆಮಾಚಿದ ನಿರುದ್ಯೋಗ, ಅಂದರೆ ಒಬ್ಬನ ಕೆಲಸಕ್ಕೆ ಐದು ಜನ. ಕಿಟಕಿಯಾಚೆ ಒಂದು ಸಾಂಬಾರಿನ ಕೊಳಗಕ್ಕೆ ಐದಾರು ಜನ ಚಿಕ್ಕಪ್ಪಂದಿರು ಕೈಹಾಕಿದ್ದರು, ಹೊತ್ತವನು ಒಬ್ಬನೇ. "ನೋಡಿ, ಇವರಲ್ಲಿ ನಾಲ್ಕು ಜನ ಊಟಕ್ಕೆ ಕೂತರೂ ಕೊಳಗ ಅಷ್ಟೇ ಬೇಗ ಹೋಗುತ್ತದೆ" ಎನ್ನುತ್ತಿದ್ದೆ. ಆಗ ಕ್ಯಾಬಿನ ಬಿಳಿ ಸಮವಸ್ತ್ರದ ಒಬ್ಬರು ಬಸ್ಸಿನ ಮೆಟ್ಟಿಲು ಹತ್ತಿದರು. ಹುಡುಗಿ "ಅಪ್ಪ" ಎಂದು ಉಸಿರೆಳೆದುಕೊಂಡಳು.

ನನ್ನ ಪಿತ್ತ ನೆತ್ತಿಗೇರಿತು. "ಬನ್ನಿ, ಕಣ್ಣಾರೆ ನೋಡಿ! ಕ್ಲಾಸ್ ನಡೀತಿದೆ. ನಿಮಗೆ ಬೇಕಾಗಿರೋ ಉತ್ತರ ನನ್ನ ಬಾಯಿಂದ ಬರಲ್ಲ!"

"ನಂಗೆ ಬೇಕಾಗಿರೋದು ಇದೇ ಉತ್ತರ ಮೇಡಂ" ಎಂದರು. ಎಲ್ಲರೂ ನೋಡುತ್ತಿದ್ದುದರಿಂದ ಮುಖ ತಗ್ಗಿಸಿದರು. "ಮನೇಲಿ ಯಜಮಾನಿಕೆ ನಮ್ಮಣ್ಣಂದು. ಅವ್ನ ಎದುರಿಗೆ ನಂಗೆ ಬಾಯಿ ಬರಲ್ಲ. ಅದಕ್ಕೆ ದಿನಾ ಫೋನ್ನ ಸ್ಪೀಕರಿಗೆ ಹಾಕಿ ಅವ್ನು ಕಾಫಿ ಕುಡಿಯೋ ತಾವ ಇಡ್ತಿದ್ದೆ. ನೀವು ಐತೆ ಅಂದ್ರೆ ಅವ್ನೂ ಸುಮ್ಕಾಗೋನು. ಇವತ್ತು ಅವ್ನು, ಛತ್ರದಲ್ಲಿ ಮದ್ವೆ ಐತೆ, ಆವಮ್ಮ ಸುಳ್ಳೇಳ್ತಾವ್ಳೆ, ಹುಡುಗೀನ ಕರ್ಕೊಂಡ್ ಬಾ, ಸಂಜೆ ಗಂಡಿನ ಕಡೆಯೋರು ಬತ್ತಾರೆ ಅಂದ. ಅದ್ಕೇ ಬಂದೆ."

ನಾನೇ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ ಹುಡುಗಿಯನ್ನು ಇವರು ದಿನಾ ಬೆಳಿಗ್ಗೆ ನನ್ನ ಗಂಟಲನ್ನು ಎರವಲು ಪಡೆದು ಕಾಪಾಡಿಕೊಂಡಿದ್ದರು. ಮಗಳಿಗೂ ಹೇಳಿರಲಿಲ್ಲ. ಅಣ್ಣನಿಗೆ ಹೆದರುವ ಅಪ್ಪ ಎಂದು ಮಗಳ ಮುಂದೆ ಹೇಗೆ ಹೇಳಿಕೊಳ್ಳುವುದು?

ಅವರು ಜೇಬಿನಿಂದ ಫೋನ್ ತೆಗೆದರು. ಅಣ್ಣ ಎದುರಿಗೇ ಇದ್ದಾರೇನೋ ಎಂಬಂತೆ ಅಂಗಿ ಸರಿಮಾಡಿಕೊಂಡು ನಿಂತರು.

"ಅಣ್ಣಾ, ಕ್ಲಾಸ್ ನಡೀತೈತೆ. ಗಂಡಿನ ಕಡೆಯೋರ್ಗೆ ಬರಬ್ಯಾಡಿ ಅನ್ನು." ಆ ಕಡೆಯಿಂದ ಜೋರು ದನಿ ಬಸ್ಸಿಗೆಲ್ಲ ಕೇಳಿಸಿತು. ಇವರು ಕಣ್ಣು ಮುಚ್ಚಿಕೊಂಡರು. "ಮೇಡಂ ಅಲ್ಲ ಕಣಣ್ಣಾ. ನಾನೇ ಹೇಳ್ತಿವ್ನಿ. ನನ್ ಮಗಳು ಪರೀಕ್ಷೆ ಬರೀತಾಳೆ."

ಹುಡುಗಿ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು, ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಕೂತ್ಕೋ ಅಪ್ಪ" ಎಂದಳು. ಅವರು ಕೂತರು. ನಾನು ಉಳಿದ ಪಾಠವನ್ನು ಬಹಳ ಕೆಟ್ಟದಾಗಿ ಮಾಡಿದೆ, ಅವರಿಬ್ಬರೂ ಒಂದಕ್ಷರವನ್ನೂ ಕೇಳಿಸಿಕೊಳ್ಳಲಿಲ್ಲ.