ಅವ್ವನ ಹೊಟ್ಟೆಗೆ ಚುಚ್ಚಿದ ಸೂಜಿ

ಬಸವಕಲ್ಯಾಣದ ನಮ್ಮ ಮನೆಯ ಮುಂದೆ ಜಾರಿ ಬಿದ್ದು ಅವ್ವನ ತೊಡೆಯ ಎಲುಬು ಮುರಿಯಿತು. ಹುಮನಾಬಾದಿನ ಒಂದು ಖಾಸಗಿ ದವಾಖಾನೆಯಲ್ಲಿ ಆಪರೇಷನ್ ಮಾಡಿಸಿದೆವು. ಅದು ಚೆನ್ನಾಗಿಯೇ ಆಯಿತು. ಮಲಗಿದಲ್ಲೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆಂದು, ರಕ್ತ ತೆಳುಮಾಡುವ ಹೆಪಾರಿನ್ ಸೂಜಿಯನ್ನು ದಿನಾಲೂ ಹೊಟ್ಟೆಗೆ ಚುಚ್ಚುತ್ತಿದ್ದರು.

ವಾರ ಕಳೆಯುವಷ್ಟರಲ್ಲಿ ಚುಚ್ಚಿದ ಜಾಗವೆಲ್ಲ ಕಪ್ಪಾಯಿತು. ಆಪರೇಷನ್ ಆಗದ ಕಾಲೂ ಬಾತುಕೊಂಡು ಬೆರಳುಗಳು ನೀಲಿಗಟ್ಟಿದವು. ರಕ್ತ ಪರೀಕ್ಷೆ ಮಾಡಿದರೆ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗಿಳಿದಿತ್ತು.

"ಡೆಂಗ್ಯೂ ಇರಬೇಕು," ಅಂದರು ಡಾಕ್ಟರು.

"ಜ್ವರಾನೇ ಇಲ್ಲಲ್ರಿ ಸಾಹೇಬ್ರ. ಈ ಸೂಜಿ ಶುರು ಆದ ಮ್ಯಾಲೇ ಹಿಂಗ ಆಗಾಕತ್ತದ. ನಿಲ್ಲಿಸಿ ನೋಡಬಾರದೇನ್ರಿ?" ಎಂದು ಕೇಳಿದೆ.

"ಮೊಬೈಲ್ ನೋಡಿ ಡಾಕ್ಟರಿಕಿ ಮಾಡಬ್ಯಾಡ್ರಿ," ಎಂದು, ಮುಂದಿನ ಸೂಜಿ ಕೊಡಲು ನರ್ಸಿಗೆ ಹೇಳಿ ಹೊರಟೇಬಿಟ್ಟರು.

ನಾನು ಮೊಬೈಲ್ ನೋಡಿರಲಿಲ್ಲ. ಅವ್ವನ ಹೊಟ್ಟೆ ನೋಡಿದ್ದೆ. ಅವರು ಅದನ್ನೂ ನೋಡಿರಲಿಲ್ಲ.

ಆ ಸೂಜಿ ಹಾಕಲು ನಾನು ಬಿಡಲಿಲ್ಲ. ತಮ್ಮ ಗಾಡಿ ತಂದ. ಕಲಬುರಗಿಗೆ ಒಯ್ದೆವು. ಅಲ್ಲಿಯ ಡಾಕ್ಟರಮ್ಮ ಸೆರಗು ಸರಿಸಿ ಹೊಟ್ಟೆ ನೋಡಿದವರೇ, "ಹೆಪಾರಿನ್ ಕೊಟ್ಟಾರೇನು?" ಎಂದರು. ಅವ್ವನ ಮೈ ಆ ಔಷಧಿಯನ್ನು ವೈರಿಯೆಂದು ತಿಳಿದು ಅದರ ಮೇಲೆ ತಿರುಗಿಬಿದ್ದಿತ್ತಂತೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟದ್ದರಿಂದಲೇ ರಕ್ತ ಹೆಪ್ಪುಗಟ್ಟಿತ್ತು. ಹೆಪಾರಿನ್ ಪೂರ್ತಿ ನಿಲ್ಲಿಸಿ, ರಕ್ತ ತೆಳುಮಾಡುವ ಬೇರೆಯೇ ಔಷಧಿಯನ್ನು ಸಲೈನ್ ಹಾಗೆ ಏರಿಸಿದರು. ಪ್ಲೇಟ್‌ಲೆಟ್ ನಿಧಾನವಾಗಿ ಏರಿತು. ಕಾಲು ಉಳಿಯಿತು, ಎರಡು ಬೆರಳು ಹೋದವು.

ನಡೆಯಲು ಬಂದಮೇಲೆ, ಎಲುಬು ತೋರಿಸುವ ನೆಪದಲ್ಲಿ ಅವ್ವ ಹಟ ಹಿಡಿದು ಹುಮನಾಬಾದಿಗೆ ಬಂದಳು. ಡಾಕ್ಟರು ಎಕ್ಸ್‌ರೇ ಹಿಡಿದು, "ಎಲುಬು ಚೊಲೋ ಕೂಡ್ಯದ," ಅಂದರು. ಬೆರಳಿನ ಮಾತೆತ್ತಿದರೆ, "ಎಲ್ಲೋ ಒಬ್ಬರಿಗೆ ಹಿಂಗ ಆಗ್ತದ. ಅದು ನಮ್ಮ ಕೈಯಾಗ ಇಲ್ಲ," ಅಂದರು.

"ಆಗೂದು ನಿಮ್ಮ ಕೈಯಾಗ ಇರಲಿಲ್ಲ, ಖರೆ. ನಾ ಹೇಳಿದ್ದು ಕೇಳೂದು ಇತ್ತಲ್ರಿ?" ಅಂದೆ.

ಅವ್ವ ಚಪ್ಪಲಿ ಕಳಚಿ, ಅವರ ಎದುರಿನ ಸ್ಟೂಲಿನ ಮೇಲೆ ಕಾಲಿಟ್ಟಳು. "ನೋಡ್ರಿ ಸಾಹೇಬ್ರ. ಅವತ್ತು ನೋಡಲಿಲ್ಲ, ಇವತ್ತರ ನೋಡ್ರಿ."

ಅವರು ನೋಡಿದರು. ಎಕ್ಸ್‌ರೇ ಕೆಳಗಿಟ್ಟು, "ಅವತ್ತು ಕೇಳಬೇಕಿತ್ತು," ಅಂದರು. ಅವ್ವ ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡಳು. ನನಗೆ ಮಾತ್ರ ಆ ಮಾತು ಇವತ್ತಿಗೂ ಸಾಲುತ್ತಿಲ್ಲ.